ಸಂವೇದಕ ತಂತ್ರಜ್ಞಾನದಲ್ಲಿ ಪಿಎಚ್.ಡಿ.: ವಿಷಯದ ಆಯ್ಕೆಯಿಂದ ಪ್ರವೇಶದವರೆಗೆ

ಭೌತಿಕ, ರಾಸಾಯನಿಕ ಅಥವಾ ಜೈವಿಕ ಬದಲಾವಣೆಯೊಂದನ್ನು ಗ್ರಹಿಸಿ ಅದನ್ನು ಅಳೆಯಬಹುದಾದ ಸಂಕೇತವಾಗಿ, ಬಹುಮಟ್ಟಿಗೆ ವಿದ್ಯುತ್ ಸಂಕೇತವಾಗಿ, ಮಾರ್ಪಡಿಸುವ ಸಾಧನವೇ ಸಂವೇದಕ ಅಥವಾ ಸೆನ್ಸರ್. ಅಪಘಾತದ ಕ್ಷಣದಲ್ಲಿ ಕಾರಿನ ಏರ್‌ಬ್ಯಾಗಿಗೆ ಸೂಚನೆ ಕೊಡುವ ಸಿಲಿಕಾನ್ ಚಿಪ್, ಮಧುಮೇಹಿಗಳು ಮನೆಯಲ್ಲಿ ಬಳಸುವ ಗ್ಲೂಕೋಮೀಟರಿನ ಪಟ್ಟಿ, ಅಡುಗೆ ಅನಿಲದ ಸೋರಿಕೆಯನ್ನು ತಿಳಿಸುವ ಉಪಕರಣ, ಬಾಹ್ಯಾಕಾಶದಲ್ಲಿ ಉಪಗ್ರಹ ಯಾವ ದಿಕ್ಕಿಗೆ ಮುಖಮಾಡಿದೆ ಎಂಬುದನ್ನು ನಕ್ಷತ್ರಗಳ ಸ್ಥಾನದಿಂದ ಗುರುತಿಸುವ ನಕ್ಷತ್ರ ಸಂವೇದಕ ಇವೆಲ್ಲವೂ ಈ ವರ್ಗಕ್ಕೆ ಸೇರುತ್ತವೆ.

ಈ ಕ್ಷೇತ್ರ ಯಾವುದೇ ಒಂದು ವಿಭಾಗದ ಸ್ವತ್ತಲ್ಲ ಎಂಬುದು ಅದರ ಚರಿತ್ರೆಯಿಂದಲೇ ಗೊತ್ತಾಗುತ್ತದೆ. ಒತ್ತಡ ಬಿದ್ದಾಗ ಸಿಲಿಕಾನ್ ಮತ್ತು ಜರ್ಮೇನಿಯಂಗಳ ವಿದ್ಯುತ್ ರೋಧ ಗಣನೀಯವಾಗಿ ಬದಲಾಗುತ್ತದೆ ಎಂದು 1954ರಲ್ಲಿ ಪ್ರಕಟಿಸಿದವರು ಬೆಲ್ ಪ್ರಯೋಗಾಲಯದಲ್ಲಿ ಸಂಶೋಧನೆ ನಡೆಸಿದ ಭೌತವಿಜ್ಞಾನಿ ಚಾರ್ಲ್ಸ್ ಸ್ಮಿತ್. ಕಿಣ್ವವನ್ನು ವಿದ್ಯುದಾಗ್ರದೊಂದಿಗೆ ಜೋಡಿಸಿ ಗ್ಲೂಕೋಸನ್ನು ಅಳೆಯುವ ವಿಧಾನವನ್ನು 1962ರಲ್ಲಿ ಮುಂದಿಟ್ಟವರು ಜೀವರಸಾಯನ ಮತ್ತು ವೈದ್ಯಕೀಯ ಸಂಶೋಧನೆಯ ಹಿನ್ನೆಲೆಯ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚ್ಯಾಂಪ್ ಲಿಯಾನ್ಸ್. ದ್ರಾವಣದಲ್ಲಿರುವ ಅಯಾನುಗಳಿಗೆ ಸ್ಪಂದಿಸುವ ಟ್ರಾನ್ಸಿಸ್ಟರನ್ನು 1970ರಲ್ಲಿ ವಿವರಿಸಿದವರು ನೆದರ್ಲೆಂಡ್ಸಿನ ಎಲೆಕ್ಟ್ರಾನಿಕ್ಸ್ ತಜ್ಞ ಪೀಟ್ ಬೆರ್ಗ್‌ವೆಲ್ಡ್. ಇಂದಿಗೂ ಭೌತವಿಜ್ಞಾನ, ರಸಾಯನವಿಜ್ಞಾನ, ಜೈವಿಕ ತಂತ್ರಜ್ಞಾನ, ಎಲೆಕ್ಟ್ರಾನಿಕ್ಸ್, ಇನ್‌ಸ್ಟ್ರುಮೆಂಟೇಷನ್, ಮೆಕ್ಯಾನಿಕಲ್, ಕಂಪ್ಯೂಟರ್ ವಿಜ್ಞಾನ ಹೀಗೆ ಯಾವ ಹಿನ್ನೆಲೆಯವರಿಗೂ ಇಲ್ಲಿ ಸಂಶೋಧನೆಗೆ ಪ್ರವೇಶವಿದೆ. ಹಾದಿಗಳು ಇಷ್ಟೊಂದು ಇರುವುದರಿಂದಲೇ ಅಭ್ಯರ್ಥಿಗಳಿಗೆ ಗೊಂದಲವೂ ಹೆಚ್ಚು. ಸಂಸ್ಥೆಯ ಹೆಸರನ್ನೋ ಶಿಷ್ಯವೇತನದ ಮೊತ್ತವನ್ನೋ ನೋಡುವ ಮೊದಲು ಏನನ್ನು, ಎಂಥ ಪರಿಸರದಲ್ಲಿ, ಯಾರ ಬಳಕೆಗಾಗಿ ಅಳೆಯಬೇಕಾಗಿದೆ ಎಂಬುದನ್ನು ಸ್ಪಷ್ಟಪಡಿಸಿಕೊಂಡರೆ ಈ ಗೊಂದಲ ಬಹುಪಾಲು ತಗ್ಗುತ್ತದೆ, ಏಕೆಂದರೆ ಸೇರಬೇಕಾದ ವಿಭಾಗ, ಬರೆಯಬೇಕಾದ ಪರೀಕ್ಷೆ, ಬೇಕಾಗುವ ಸಲಕರಣೆ ಮೂರೂ ಆ ಉತ್ತರವನ್ನು ಅವಲಂಬಿಸಿವೆ.

ಸಂಶೋಧನೆಗೆ ಉಳಿದಿರುವ ಪ್ರಶ್ನೆಗಳು

ಸಂವೇದಕದ ಗುಣಮಟ್ಟವನ್ನು ಕೆಲವು ಲಕ್ಷಣಗಳಿಂದ ಅಳೆಯಲಾಗುತ್ತದೆ. ಅಳೆಯುವ ವಸ್ತುವಿನ ಪ್ರಮಾಣ ಸ್ವಲ್ಪ ಬದಲಾದಾಗ ಸಂಕೇತ ಎಷ್ಟು ಬದಲಾಗುತ್ತದೆ ಎಂಬುದು ಸಂವೇದನಶೀಲತೆ. ಜೊತೆಗಿರುವ ಇತರ ವಸ್ತುಗಳಿಗೆ ಸ್ಪಂದಿಸದೆ ಬೇಕಾದುದಕ್ಕೆ ಮಾತ್ರ ಸ್ಪಂದಿಸುವುದು ಆಯ್ಕೆಶೀಲತೆ. ಭರವಸೆಯಿಂದ ಗುರುತಿಸಬಹುದಾದ ಕನಿಷ್ಠ ಪ್ರಮಾಣವೇ ಪತ್ತೆಯ ಮಿತಿ. ಅಳೆಯುವ ಪ್ರಮಾಣ ಬದಲಾಗದಿದ್ದರೂ ಕಾಲ ಕಳೆದಂತೆ ಸಂಕೇತ ತಾನಾಗಿ ಸರಿಯುತ್ತ ಹೋಗುವುದು ಡ್ರಿಫ್ಟ್. ಪ್ರಕಟವಾಗುವ ಪ್ರಬಂಧಗಳಲ್ಲಿ ಸಂವೇದನಶೀಲತೆಗೂ ಪತ್ತೆಯ ಮಿತಿಗೂ ಸಿಗುವಷ್ಟು ಜಾಗ ಆಯ್ಕೆಶೀಲತೆಗೂ ಡ್ರಿಫ್ಟಿಗೂ ಸಿಗುವುದಿಲ್ಲ. ಆದರೆ ಪ್ರಯೋಗಾಲಯದಲ್ಲಿ ಗೆದ್ದ ಸಾಧನ ಹೊಲದಲ್ಲಿ, ಆಸ್ಪತ್ರೆಯಲ್ಲಿ, ರಸ್ತೆಬದಿಯಲ್ಲಿ ಸೋಲುವುದು ಬಹುತೇಕ ಈ ಎರಡರಲ್ಲಿಯೇ. ಪಿಎಚ್.ಡಿ.ಗೆ ತಕ್ಕ ವಿಸ್ತಾರವುಳ್ಳ ಪ್ರಶ್ನೆಗಳೂ ಹೆಚ್ಚಾಗಿ ಇಲ್ಲಿಯೇ ಸಿಗುತ್ತವೆ.

ಅನಿಲ ಸಂವೇದಕವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ತವರದ ಆಕ್ಸೈಡಿನ ಕಣಗಳನ್ನು ಕೆಲವು ನೂರು ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಗಾಳಿಯ ಆಮ್ಲಜನಕ ಅವುಗಳ ಮೇಲ್ಮೈಗೆ ಅಂಟಿಕೊಂಡು ಎಲೆಕ್ಟ್ರಾನುಗಳನ್ನು ಹಿಡಿದಿಡುವುದರಿಂದ ವಿದ್ಯುತ್ ರೋಧ ಏರುತ್ತದೆ. ಕಾರ್ಬನ್ ಮಾನಾಕ್ಸೈಡಿನಂಥ ಅನಿಲ ಬಂದು ಆ ಆಮ್ಲಜನಕದೊಂದಿಗೆ ವರ್ತಿಸಿದಾಗ ಎಲೆಕ್ಟ್ರಾನುಗಳು ಬಿಡುಗಡೆಯಾಗಿ ರೋಧ ಇಳಿಯುತ್ತದೆ. ಜಪಾನಿನ ನವೊಯೊಶಿ ತಗುಚಿ 1962ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದ ಈ ವಿಧಾನ ಇಂದಿಗೂ ಬಳಕೆಯಲ್ಲಿದ್ದರೂ ಮದ್ಯಸಾರದ ಆವಿ, ಹೈಡ್ರೋಜನ್, ಗಾಳಿಯ ತೇವ ಇವೆಲ್ಲವೂ ಅದೇ ರೋಧವನ್ನು ಬದಲಿಸುವುದರಿಂದ ಒಂದು ಅನಿಲವನ್ನು ಮತ್ತೊಂದರಿಂದ ಬೇರ್ಪಡಿಸಿ ಗುರುತಿಸುವುದು ಕಠಿಣವಾಗಿಯೇ ಉಳಿದಿದೆ. ಸಾಮಾನ್ಯ ಉಷ್ಣತೆಯಲ್ಲಿಯೇ ಕೆಲಸ ಮಾಡುವ ಪದಾರ್ಥಗಳ ಶೋಧ, ಅತಿ ಕಡಿಮೆ ವಿದ್ಯುತ್ ಬಳಸುವ ಸೂಕ್ಷ್ಮ ಹೀಟರುಗಳ ವಿನ್ಯಾಸ, ಹಲವು ಸಂವೇದಕಗಳ ಸಂಕೇತಗಳನ್ನು ಒಟ್ಟಿಗೆ ವಿಶ್ಲೇಷಿಸಿ ಅನಿಲವನ್ನು ಗುರುತಿಸುವ ಗಣನ ವಿಧಾನ ಇವು ಕ್ರಮವಾಗಿ ರಸಾಯನವಿಜ್ಞಾನದ, ಎಲೆಕ್ಟ್ರಾನಿಕ್ಸಿನ ಮತ್ತು ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗೆ ಒಂದೇ ಸಮಸ್ಯೆಯೊಳಗೆ ದೊರೆಯುವ ಮೂರು ಬೇರೆ ಬೇರೆ ಸಂಶೋಧನಾ ವಿಷಯಗಳು.

ಕರ್ನಾಟಕದ ಮಟ್ಟಿಗೆ ನೀರಿನ ಪರೀಕ್ಷೆ ಅಷ್ಟೇ ಫಲವತ್ತಾದ ವಿಷಯ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೊದಲಾದ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಧಿಕವಾಗಿದ್ದು, ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಜಲಮೂಲ ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಲ್ಯಾಂಥನಂ ಫ್ಲೋರೈಡಿನ ಹರಳನ್ನು ಬಳಸುವ ವಿದ್ಯುದಾಗ್ರ 1960ರ ದಶಕದಿಂದಲೇ ಇದ್ದರೂ ಅಲ್ಯೂಮಿನಿಯಂ ಮತ್ತು ಕಬ್ಬಿಣದ ಅಯಾನುಗಳ ಅಡ್ಡಿಯನ್ನು ನಿವಾರಿಸಲು ನೀರಿಗೆ ವಿಶೇಷ ದ್ರಾವಣ ಬೆರೆಸಬೇಕಾಗುತ್ತದೆ, ಪ್ರಮಾಣಿತ ದ್ರಾವಣಗಳೊಂದಿಗೆ ಮತ್ತೆ ಮತ್ತೆ ಹೋಲಿಸಿ ಸರಿಪಡಿಸಬೇಕಾಗುತ್ತದೆ. ಈ ಹೋಲಿಸಿ ಸರಿಪಡಿಸುವ ಕೆಲಸಕ್ಕೆ ಕ್ಯಾಲಿಬ್ರೇಷನ್ ಎಂದು ಹೆಸರು. ಗ್ರಾಮ ಪಂಚಾಯಿತಿಯ ನೀರುಗಂಟಿ ಸ್ವತಃ ಬಳಸಬಲ್ಲ, ತಿಂಗಳುಗಟ್ಟಲೆ ಕ್ಯಾಲಿಬ್ರೇಷನ್ ಬೇಡದ, ಅಗ್ಗದ ಸಾಧನವನ್ನು ರೂಪಿಸುವುದು ಹೊಸ ಪದಾರ್ಥವೊಂದನ್ನು ತಯಾರಿಸುವುದಕ್ಕಿಂತ ಕಡಿಮೆ ದರ್ಜೆಯ ಸಂಶೋಧನೆಯೇನೂ ಅಲ್ಲ.

ಗಾಳಿಯಲ್ಲಿನ ಸೂಕ್ಷ್ಮ ಕಣಗಳನ್ನು ಅಂದರೆ ಪಿಎಂ 2.5 ಅನ್ನು ಬೆಳಕಿನ ಚದರಿಕೆಯಿಂದ ಅಳೆಯುವ ಅಗ್ಗದ ಸಂವೇದಕಗಳು ಗಾಳಿಯಲ್ಲಿ ತೇವ ಹೆಚ್ಚಿದಾಗ ಕಣಗಳು ನೀರು ಹೀರಿ ಉಬ್ಬುವುದರಿಂದ ವಾಸ್ತವಕ್ಕಿಂತ ಹೆಚ್ಚಿನ ಪ್ರಮಾಣವನ್ನು ತೋರಿಸುತ್ತವೆ; ಇದನ್ನು ತಿದ್ದುವ ವಿಧಾನಗಳು ಸಂಶೋಧನೆಯ ವಿಷಯವಾಗಿವೆ. ಆಪ್ಟಿಕಲ್ ಫೈಬರಿನೊಳಗೆ ನಿಯತ ಅಂತರದಲ್ಲಿ ವಕ್ರೀಭವನ ಗುಣಾಂಕವನ್ನು ಬದಲಿಸಿ ರೂಪಿಸುವ ಫೈಬರ್ ಬ್ರ್ಯಾಗ್ ಗ್ರೇಟಿಂಗ್ ನಿರ್ದಿಷ್ಟ ತರಂಗಾಂತರದ ಬೆಳಕನ್ನು ಮಾತ್ರ ಪ್ರತಿಫಲಿಸುತ್ತದೆ. ಫೈಬರ್ ಹಿಗ್ಗಿದಾಗಲೂ ಕಾವೇರಿದಾಗಲೂ ಆ ತರಂಗಾಂತರ ಸರಿಯುವುದರಿಂದ ಸೇತುವೆ ಅಥವಾ ವಿಮಾನದ ರೆಕ್ಕೆಯಲ್ಲಿ ಅಳವಡಿಸಿದಾಗ ಎಳೆತದ ಪರಿಣಾಮವನ್ನು ಉಷ್ಣತೆಯ ಪರಿಣಾಮದಿಂದ ಬೇರ್ಪಡಿಸಬೇಕಾಗುತ್ತದೆ. ಕೇರಳದ ಮುನ್ನಾರಿನಲ್ಲಿ ಅಮೃತ ವಿಶ್ವವಿದ್ಯಾಪೀಠ ಸ್ಥಾಪಿಸಿರುವ ಭೂಕುಸಿತ ಮುನ್ಸೂಚನೆಯ ನಿಸ್ತಂತು ಜಾಲ ಇನ್ನೊಂದು ಬಗೆಯ ಸಂಶೋಧನೆಗೆ ಮಾದರಿಯಾಗಿದೆ. ಅಲ್ಲಿ ಮಣ್ಣಿನ ತೇವ, ನೀರಿನ ಒತ್ತಡ ಮತ್ತು ಚಲನೆಯನ್ನು ಅಳೆಯುವುದರಷ್ಟೇ ಮುಖ್ಯವಾದದ್ದು ಮಳೆಗಾಲದಲ್ಲಿಯೂ ವಿದ್ಯುತ್ ಮತ್ತು ಸಂಪರ್ಕ ಕಡಿಯದಂತೆ ಜಾಲವನ್ನು ನಡೆಸುವುದು. ಪಶ್ಚಿಮಘಟ್ಟದ ಕರ್ನಾಟಕದ ಭಾಗಕ್ಕೂ, 2018ರಲ್ಲಿ ಭಾರಿ ಭೂಕುಸಿತ ಕಂಡ ಕೊಡಗಿಗೂ ಇದು ನೇರವಾಗಿ ಸಂಬಂಧಿಸಿದ ವಿಷಯ.

ಎಲ್ಲೆಲ್ಲಿ ಅವಕಾಶವಿದೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಒಂದಕ್ಕಿಂತ ಹೆಚ್ಚು ವಿಭಾಗಗಳು ಸಂವೇದಕಗಳ ಮೇಲೆ ಕೆಲಸ ಮಾಡುತ್ತಿವೆ. ಆಪ್ಟಿಕಲ್ ಸಂವೇದಕ ಮತ್ತು ಮಾಪನ ಉಪಕರಣಗಳಿಗೆ ಇನ್‌ಸ್ಟ್ರುಮೆಂಟೇಷನ್ ಮತ್ತು ಅನ್ವಯಿಕ ಭೌತವಿಜ್ಞಾನ ವಿಭಾಗ, ಸೂಕ್ಷ್ಮ ಮತ್ತು ನ್ಯಾನೊ ಪ್ರಮಾಣದ ಸಾಧನಗಳಿಗೆ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರ, ಸರ್ಕ್ಯೂಟ್ ಮತ್ತು ವ್ಯವಸ್ಥೆಗಳಿಗೆ ಎಲೆಕ್ಟ್ರಾನಿಕ್ ಸಿಸ್ಟಮ್ಸ್ ಎಂಜಿನಿಯರಿಂಗ್ ವಿಭಾಗ, ಆರೋಗ್ಯ ಸಂಬಂಧಿ ವಿಷಯಗಳಿಗೆ ಬಯೋಎಂಜಿನಿಯರಿಂಗ್ ವಿಭಾಗ ಅಭ್ಯರ್ಥಿಗಳು ಮೊದಲು ನೋಡಬೇಕಾದವು. ನ್ಯಾನೊ ಕೇಂದ್ರದಲ್ಲಿ ಸುಮಾರು 14,000 ಚದರ ಅಡಿಯ ಕ್ಲೀನ್‌ರೂಮ್, ಅಂದರೆ ಗಾಳಿಯಲ್ಲಿನ ಧೂಳಿನ ಕಣಗಳ ಸಂಖ್ಯೆಯನ್ನು ಕಟ್ಟುನಿಟ್ಟಾಗಿ ನಿಯಂತ್ರಿಸಿ ಚಿಪ್ ತಯಾರಿಸುವ ಕೊಠಡಿಯಿದೆ. ಉದ್ಯೋಗದಲ್ಲಿರುವವರು ಕೆಲಸ ಬಿಡದೆಯೇ ಪಿಎಚ್.ಡಿ. ಮಾಡಲು ಈ ಸಂಸ್ಥೆಯಲ್ಲಿ ಬಾಹ್ಯ ನೋಂದಣಿಯ ವ್ಯವಸ್ಥೆಯೂ ಇದೆ.

ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಮತ್ತು ಕೇಂದ್ರ ವಿಜ್ಞಾನ ಹಾಗೂ ತಂತ್ರಜ್ಞಾನ ಇಲಾಖೆಯ ಅಧೀನದ ನ್ಯಾನೊ ಮತ್ತು ಮೃದು ಪದಾರ್ಥ ವಿಜ್ಞಾನಗಳ ಕೇಂದ್ರ ಪದಾರ್ಥಗಳ ಕಡೆಯಿಂದ ಸಂವೇದಕವನ್ನು ಅಧ್ಯಯನ ಮಾಡಬಯಸುವ ಎಂ.ಎಸ್ಸಿ. ಪದವೀಧರರಿಗೆ ಸೂಕ್ತ. ಬೆಂಗಳೂರಿನ ರಾಷ್ಟ್ರೀಯ ಏರೋಸ್ಪೇಸ್ ಪ್ರಯೋಗಾಲಯ, ಪಿಲಾನಿಯ ಕೇಂದ್ರೀಯ ಎಲೆಕ್ಟ್ರಾನಿಕ್ಸ್ ಸಂಶೋಧನಾ ಸಂಸ್ಥೆ, ಕಾರೈಕುಡಿಯ ವಿದ್ಯುದ್ರಾಸಾಯನಿಕ ಸಂಶೋಧನಾ ಸಂಸ್ಥೆ, ಚಂಡೀಗಢದ ವೈಜ್ಞಾನಿಕ ಉಪಕರಣಗಳ ಸಂಸ್ಥೆ ಇವು ಸಿಎಸ್‌ಐಆರ್‌ಗೆ ಸೇರಿದ್ದು, ಇಲ್ಲಿ ಸಂಶೋಧನೆ ಮಾಡುವವರು ವೈಜ್ಞಾನಿಕ ಮತ್ತು ನಾವೀನ್ಯ ಸಂಶೋಧನಾ ಅಕಾಡೆಮಿಯ ಮೂಲಕ ಪದವಿ ಪಡೆಯಬಹುದು. ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದಲ್ಲಿ ರಿಯಾಕ್ಟರಿನ ದ್ರವ ಸೋಡಿಯಂನಲ್ಲಿ ಹೈಡ್ರೋಜನನ್ನು ಪತ್ತೆಮಾಡುವಂಥ ವಿಶಿಷ್ಟ ಸಂವೇದಕಗಳ ಕೆಲಸ ನಡೆದಿದ್ದು, ಅಲ್ಲಿಯ ಪದವಿ ಹೋಮಿ ಭಾಭಾ ರಾಷ್ಟ್ರೀಯ ಸಂಸ್ಥೆಯದು.

ಐಐಟಿಗಳ ಪೈಕಿ ದೆಹಲಿಯಲ್ಲಿ ಸಂವೇದಕ, ಉಪಕರಣ ಮತ್ತು ಸೈಬರ್-ಭೌತಿಕ ವ್ಯವಸ್ಥೆಗಳಿಗೆಂದೇ ಪ್ರತ್ಯೇಕ ಕೇಂದ್ರವಿದೆ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿದ, 6,003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಮಿಷನ್ನಿನಲ್ಲಿ ಕ್ವಾಂಟಂ ಸಂವೇದನೆ ಮತ್ತು ಮಾಪನದ ಹಬ್ ಐಐಟಿ ಬಾಂಬೆಯಲ್ಲಿದ್ದು, ವಜ್ರದ ಹರಳಿನೊಳಗಿನ ಸೂಕ್ಷ್ಮ ದೋಷಗಳ ನೆರವಿನಿಂದ ಕ್ಷೀಣ ಕಾಂತಕ್ಷೇತ್ರವನ್ನು ಅಳೆಯುವಂಥ ವಿಷಯಗಳಲ್ಲಿ ಆಸಕ್ತಿಯಿರುವವರು ಅದರ ಪ್ರಕಟಣೆಗಳನ್ನು ಗಮನಿಸಬೇಕು. ರಾಜ್ಯದೊಳಗೆ ಸುರತ್ಕಲ್ಲಿನ ಎನ್‌ಐಟಿ, ಧಾರವಾಡದ ಐಐಟಿ, ಮಣಿಪಾಲದ ಮಾಹೆ, ಮೈಸೂರು ಮತ್ತು ಮಂಗಳೂರು ವಿಶ್ವವಿದ್ಯಾಲಯಗಳ ವಿಜ್ಞಾನ ವಿಭಾಗಗಳು, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಮಾನ್ಯ ಮಾಡಿರುವ ಎಂಜಿನಿಯರಿಂಗ್ ಕಾಲೇಜುಗಳ ಸಂಶೋಧನಾ ಕೇಂದ್ರಗಳು ಸಹ ಪರಿಗಣನೆಗೆ ಅರ್ಹವಾದವು. ಇಂಥ ಕಡೆ ದುಬಾರಿ ಉಪಕರಣಗಳ ಕೊರತೆಯಿದ್ದರೆ ಅದನ್ನು ತುಂಬಿಕೊಳ್ಳಲು ಭಾರತೀಯ ನ್ಯಾನೊಎಲೆಕ್ಟ್ರಾನಿಕ್ಸ್ ಬಳಕೆದಾರರ ಕಾರ್ಯಕ್ರಮವಿದೆ: 2008ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಐಐಟಿ ಬಾಂಬೆಯಲ್ಲಿ ಆರಂಭವಾಗಿ ಅನಂತರ ಇತರ ಐಐಟಿಗಳಿಗೂ ವಿಸ್ತರಿಸಿದ ಈ ಯೋಜನೆಯಡಿ ಹೊರಗಿನ ಕಾಲೇಜುಗಳ ಸಂಶೋಧಕರು ಪ್ರಸ್ತಾವ ಸಲ್ಲಿಸಿ, ತರಬೇತಿ ಪಡೆದು, ಅಲ್ಲಿಯ ಕ್ಲೀನ್‌ರೂಮ್‌ಗಳಲ್ಲಿ ಸಾಧನಗಳನ್ನು ತಯಾರಿಸಬಹುದು.

ಅರ್ಹತೆ ಮತ್ತು ಪ್ರವೇಶ

ಪಿಎಚ್.ಡಿ.ಗೆ ಸಂಬಂಧಿಸಿದಂತೆ 2022ರ ನವೆಂಬರ್‌ನಲ್ಲಿ ಪ್ರಕಟವಾದ ಯುಜಿಸಿ ನಿಯಮಾವಳಿಯ ಪ್ರಕಾರ ಸ್ನಾತಕೋತ್ತರ ಪದವಿಯಲ್ಲಿ ಕನಿಷ್ಠ ಶೇ. 55 ಅಂಕ ಪಡೆದವರೂ, ನಾಲ್ಕು ವರ್ಷದ ಪದವಿಯಲ್ಲಿ ಕನಿಷ್ಠ ಶೇ. 75 ಅಂಕ ಪಡೆದವರೂ ಪ್ರವೇಶಕ್ಕೆ ಅರ್ಹರು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲರು ಮತ್ತು ಆರ್ಥಿಕವಾಗಿ ದುರ್ಬಲ ವರ್ಗದವರಿಗೆ ಶೇ. 5ರ ರಿಯಾಯಿತಿಯಿದೆ. ಅವಧಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷವಾಗಿದ್ದು, ಮರುನೋಂದಣಿಯ ಮೂಲಕ ಎರಡು ವರ್ಷ ವಿಸ್ತರಿಸಿಕೊಳ್ಳಬಹುದು, ಮಹಿಳೆಯರಿಗೂ ಶೇ. 40ಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳವರಿಗೂ ಇನ್ನೂ ಎರಡು ವರ್ಷಗಳ ವಿನಾಯಿತಿಯಿದೆ, ಮಹಿಳೆಯರು 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆ ಪಡೆಯಬಹುದು. ಸಂಶೋಧನಾ ವಿಧಾನ ಮತ್ತು ಪ್ರಕಟಣೆಯ ನೀತಿ ಒಳಗೊಂಡ ಕೋರ್ಸ್‌ವರ್ಕ್ ಕಡ್ಡಾಯವಾಗಿದ್ದು, ಕೆಲಸದಲ್ಲಿರುವವರು ತಮ್ಮ ಸಂಸ್ಥೆಯ ಒಪ್ಪಿಗೆ ಪತ್ರದೊಂದಿಗೆ ಅರೆಕಾಲಿಕವಾಗಿಯೂ ನೋಂದಾಯಿಸಿಕೊಳ್ಳಬಹುದು.

ಪ್ರವೇಶಕ್ಕೆ ಮುಖ್ಯವಾಗಿ ಮೂರು ಪರೀಕ್ಷೆಗಳ ಹಾದಿಯಿದೆ. ಎಂಜಿನಿಯರಿಂಗ್ ಪದವೀಧರರಿಗೆ ಗೇಟ್ ಪರೀಕ್ಷೆ ಸಹಜವಾದ ದಾರಿಯಾಗಿದ್ದು, ಅದರಲ್ಲಿ ಎಲೆಕ್ಟ್ರಾನಿಕ್ಸ್ ಮತ್ತು ಸಂವಹನ, ಇನ್‌ಸ್ಟ್ರುಮೆಂಟೇಷನ್, ಬಯೋಮೆಡಿಕಲ್, ಭೌತವಿಜ್ಞಾನ, ರಸಾಯನವಿಜ್ಞಾನ ಪತ್ರಿಕೆಗಳಿವೆ. ಇದರ ಅಂಕ ಮೂರು ವರ್ಷ ಮಾನ್ಯವಾಗಿರುತ್ತದೆ. ವಿಜ್ಞಾನದ ಸ್ನಾತಕೋತ್ತರರಿಗೆ ಸಿಎಸ್‌ಐಆರ್-ನೆಟ್, ಎಲೆಕ್ಟ್ರಾನಿಕ್ ವಿಜ್ಞಾನದವರಿಗೆ ಯುಜಿಸಿ-ನೆಟ್ ಇದೆ. 2024ರ ಜೂನ್‌ನಿಂದ ನೆಟ್ ಫಲಿತಾಂಶವನ್ನು ಮೂರು ವರ್ಗಗಳಾಗಿ ವಿಂಗಡಿಸಲಾಗುತ್ತಿದ್ದು, ಕಿರಿಯ ಸಂಶೋಧನಾ ಫೆಲೋಶಿಪ್ ಸಿಗದವರೂ ನೆಟ್ ಅಂಕದ ಆಧಾರದ ಮೇಲೆ ವಿಶ್ವವಿದ್ಯಾಲಯಗಳಲ್ಲಿ ಪಿಎಚ್.ಡಿ. ಪ್ರವೇಶ ಕೋರಬಹುದು, ಅಂಥವರ ಆಯ್ಕೆಯಲ್ಲಿ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕವಿದ್ದು, ಅಂಕ ಒಂದು ವರ್ಷ ಮಾತ್ರ ಊರ್ಜಿತ. ಮೂರನೆಯದು ವಿಶ್ವವಿದ್ಯಾಲಯಗಳು ತಾವೇ ನಡೆಸುವ ಪ್ರವೇಶ ಪರೀಕ್ಷೆ. ಐಐಟಿ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಗಳು ತಮ್ಮದೇ ನಿಯಮಗಳನ್ನು ಅನುಸರಿಸುತ್ತವೆ, ಬಿ.ಇ. ಅಥವಾ ಬಿ.ಟೆಕ್. ಪದವೀಧರರನ್ನು ನೇರವಾಗಿ ಪಿಎಚ್.ಡಿ.ಗೆ ಪರಿಗಣಿಸುವುದೂ ಉಂಟು. ಇಲ್ಲೆಲ್ಲ ಪರೀಕ್ಷೆಯ ಅಂಕ ಸಂದರ್ಶನದ ಬಾಗಿಲವರೆಗೆ ಮಾತ್ರ ಕರೆದೊಯ್ಯುತ್ತದೆ. ಸಂದರ್ಶನದಲ್ಲಿ ಅರೆವಾಹಕ, ವಿದ್ಯುದ್ರಸಾಯನ ಅಥವಾ ಬೆಳಕಿನ ಮೂಲ ತತ್ತ್ವಗಳ ಜೊತೆಗೆ ಸಂಕೇತ ಮತ್ತು ಗದ್ದಲದ ಅನುಪಾತ, ಮಾಪನದಲ್ಲಿನ ದೋಷದ ಅಂದಾಜು ಇತ್ಯಾದಿಗಳ ಕುರಿತ ತಿಳಿವಳಿಕೆಯನ್ನೂ ಪರೀಕ್ಷಿಸಲಾಗುತ್ತದೆ.

ಶಿಷ್ಯವೇತನ

ಯುಜಿಸಿ ಮತ್ತು ಸಿಎಸ್‌ಐಆರ್‌ನ ಕಿರಿಯ ಸಂಶೋಧನಾ ಫೆಲೋಶಿಪ್ 2023ರ ಪರಿಷ್ಕರಣೆಯ ಪ್ರಕಾರ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷಗಳ ನಂತರ ಹಿರಿಯ ಫೆಲೋ ಆದಾಗ 42,000 ರೂಪಾಯಿ ಆಗಿದ್ದು, ಮನೆ ಬಾಡಿಗೆ ಭತ್ಯೆ ಪ್ರತ್ಯೇಕ. 2018ರಲ್ಲಿ ಜಾರಿಗೆ ಬಂದ ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್ಪಿನಲ್ಲಿ ಮೊದಲ ಎರಡು ವರ್ಷ 70,000, ಮೂರನೆಯ ವರ್ಷ 75,000, ಕೊನೆಯ ಎರಡು ವರ್ಷ 80,000 ರೂಪಾಯಿಗಳ ಮಾಸಿಕ ವೇತನ ಮತ್ತು ವರ್ಷಕ್ಕೆ ಎರಡು ಲಕ್ಷ ರೂಪಾಯಿಗಳ ಸಂಶೋಧನಾ ಅನುದಾನವನ್ನು ನಿಗದಿಪಡಿಸಲಾಗಿತ್ತು. 2025-26ರ ಕೇಂದ್ರ ಬಜೆಟ್ ಈ ಹೆಸರಿನಡಿ ಐದು ವರ್ಷಗಳಲ್ಲಿ ಹತ್ತು ಸಾವಿರ ಫೆಲೋಶಿಪ್‌ಗಳನ್ನು ಘೋಷಿಸಿದೆ. ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ವಿಶ್ವೇಶ್ವರಯ್ಯ ಪಿಎಚ್.ಡಿ. ಯೋಜನೆ ಎಲೆಕ್ಟ್ರಾನಿಕ್ ಸಾಧನಗಳ ವಿನ್ಯಾಸಕ್ಕೆ ಸಂಬಂಧಿಸಿದ್ದಾದ್ದರಿಂದ ಸಂವೇದಕ ಸಂಶೋಧಕರಿಗೆ ಹೊಂದುತ್ತದೆ. ವಿಜ್ಞಾನದ ಪ್ರಥಮ ರ‍್ಯಾಂಕ್ ವಿಜೇತರಿಗೆ ಇನ್‌ಸ್ಪೈರ್ ಫೆಲೋಶಿಪ್, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳ ಅಭ್ಯರ್ಥಿಗಳಿಗೆ ಪ್ರತ್ಯೇಕ ರಾಷ್ಟ್ರೀಯ ಫೆಲೋಶಿಪ್‌ಗಳು ಇವೆ. ಯಾವುದೇ ಫೆಲೋಶಿಪ್ ದೊರೆಯದವರು ಮಾರ್ಗದರ್ಶಕರ ಅನುದಾನಿತ ಯೋಜನೆಯಲ್ಲಿ ಪ್ರಾಜೆಕ್ಟ್ ಸಹಾಯಕರಾಗಿ ಸೇರಿ ಬಳಿಕ ಪಿಎಚ್.ಡಿ.ಗೆ ನೋಂದಾಯಿಸಿಕೊಳ್ಳುವುದು ಸಾಮಾನ್ಯ. ಆದರೆ ಅಂಥ ಯೋಜನೆಯ ಅವಧಿ ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೆ ಮುಗಿಯುವುದರಿಂದ ಉಳಿದ ವರ್ಷಗಳ ವೇತನ ಎಲ್ಲಿಂದ ಬರುತ್ತದೆ ಎಂಬುದನ್ನು ಸೇರುವ ಮೊದಲೇ ಕೇಳಿ ತಿಳಿಯಬೇಕು.

ಮಾರ್ಗದರ್ಶಕ ಮತ್ತು ಪ್ರಯೋಗಾಲಯದ ಆಯ್ಕೆ

ಸಂವೇದಕ ಸಂಶೋಧನೆಯಲ್ಲಿ ಸಾಧನವನ್ನು ತಯಾರಿಸುವುದು, ಅದರ ಗುಣಗಳನ್ನು ಪರೀಕ್ಷಿಸುವುದು, ಸರ್ಕ್ಯೂಟಿಗೆ ಜೋಡಿಸಿ ಪೊಟ್ಟಣಗಟ್ಟುವುದು, ನೈಜ ಪರಿಸರದಲ್ಲಿ ಒರೆಗೆ ಹಚ್ಚುವುದು ಎಂಬ ನಾಲ್ಕು ಹಂತಗಳಿದ್ದು, ಈ ನಾಲ್ಕಕ್ಕೂ ಬೇಕಾದ ಸೌಲಭ್ಯ ಒಂದೇ ಪ್ರಯೋಗಾಲಯದಲ್ಲಿ ಸಿಗುವುದು ಅಪರೂಪ. ಆದ್ದರಿಂದ ಇಲ್ಲದಿರುವ ಸೌಲಭ್ಯವನ್ನು ಮಾರ್ಗದರ್ಶಕರು ಯಾರ ಸಹಯೋಗದಿಂದ ಪಡೆಯುತ್ತಾರೆ, ಕ್ಲೀನ್‌ರೂಮಿನ ಶುಲ್ಕವನ್ನು ಯಾರು ಭರಿಸುತ್ತಾರೆ, ರೋಗಿಗಳ ರಕ್ತ ಅಥವಾ ಬೆವರಿನ ಮಾದರಿ ಬೇಕಾದರೆ ಆಸ್ಪತ್ರೆಯೊಂದಿಗೆ ಒಪ್ಪಂದವಿದೆಯೇ, ನೈತಿಕ ಸಮಿತಿಯ ಅನುಮತಿಗೆ ಎಷ್ಟು ಕಾಲ ಹಿಡಿಯುತ್ತದೆ ಎಂಬ ಪ್ರಶ್ನೆಗಳನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ಯುಜಿಸಿ ನಿಯಮದಂತೆ ಪ್ರಾಧ್ಯಾಪಕರು ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಮಂದಿಗೆ ಮಾತ್ರ ಒಂದೇ ಸಮಯದಲ್ಲಿ ಮಾರ್ಗದರ್ಶನ ಮಾಡಬಹುದಾದ್ದರಿಂದ ಸ್ಥಾನ ಖಾಲಿಯಿದೆಯೇ ಎಂಬುದನ್ನೂ ವಿಚಾರಿಸಬೇಕು. ಮಾರ್ಗದರ್ಶಕರ ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷಗಳಲ್ಲಿ ಪದವಿ ಪಡೆದರು, ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ ಎಂಬುದು ಪ್ರಬಂಧಗಳ ಪಟ್ಟಿಗಿಂತ ಹೆಚ್ಚಿನ ವಿಷಯ ತಿಳಿಸುತ್ತದೆ.

ಯಾವ ಮಾನದಂಡದೊಂದಿಗೆ ಹೋಲಿಸಿ ಫಲಿತಾಂಶವನ್ನು ಅಳೆಯಲಾಗುತ್ತದೆ ಎಂಬುದನ್ನು ವಿಷಯ ನಿಗದಿಯಾಗುವಾಗಲೇ ತೀರ್ಮಾನಿಸುವುದು ಕ್ಷೇಮ. ಗ್ಲೂಕೋಮೀಟರಿಗೆ ಸಂಬಂಧಿಸಿದ 2013ರ ಅಂತರರಾಷ್ಟ್ರೀಯ ಮಾನಕ ಡೆಸಿಲೀಟರಿಗೆ 100 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿನ ಗ್ಲೂಕೋಸ್ ಇರುವಾಗ ಶೇ. 95ರಷ್ಟು ಅಳತೆಗಳು ನಿಖರ ಮೌಲ್ಯದಿಂದ ಶೇ. 15ರೊಳಗೆ ಇರಬೇಕೆಂದು ವಿಧಿಸುತ್ತದೆ. ಇಂಥ ಗುರಿಯನ್ನು ಮುಂದಿಟ್ಟುಕೊಂಡು ನಡೆಸಿದ ಸಂಶೋಧನೆಗೆ ಮಹಾಪ್ರಬಂಧವಾಗಿಯೂ ಉತ್ಪನ್ನವಾಗಿಯೂ ಬೆಲೆಯಿರುತ್ತದೆ. ಉತ್ಪನ್ನದ ಸಾಧ್ಯತೆ ಕಂಡರೆ ಪ್ರಬಂಧವನ್ನು ಪ್ರಕಟಿಸುವುದಕ್ಕೆ ಮೊದಲೇ ಪೇಟೆಂಟ್ ಅರ್ಜಿ ಸಲ್ಲಿಸಬೇಕು, ಏಕೆಂದರೆ ಒಮ್ಮೆ ಪ್ರಕಟವಾದ ವಿಷಯಕ್ಕೆ ಹೊಸತನ ಉಳಿಯುವುದಿಲ್ಲ; ಭಾರತದಲ್ಲಿ ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಸಲ್ಲಿಸಿ ಹನ್ನೆರಡು ತಿಂಗಳೊಳಗೆ ಪೂರ್ಣ ವಿವರಣೆ ನೀಡಲು ಅವಕಾಶವಿದೆ.

ವಿದೇಶದ ಅವಕಾಶಗಳು ಮತ್ತು ಮುಂದಿನ ಹಾದಿ

ವಿದೇಶಗಳಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸಂವೇದಕ ಮತ್ತು ಆಕ್ಚುಯೇಟರ್ ಕೇಂದ್ರ, ಬೆರ್ಗ್‌ವೆಲ್ಡ್ ಕೆಲಸ ಮಾಡಿದ ನೆದರ್ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯ, ಬೆಲ್ಜಿಯಂನ ಐಮೆಕ್ ಹೆಸರುವಾಸಿ. ಕೇಂಬ್ರಿಜ್ ವಿಶ್ವವಿದ್ಯಾಲಯ 2014ರಲ್ಲಿ ಆರಂಭಿಸಿದ ಸಂವೇದಕಗಳ ಡಾಕ್ಟರೇಟ್ ತರಬೇತಿ ಕೇಂದ್ರದ ಮಾದರಿಯಲ್ಲಿ ಮೊದಲ ವರ್ಷ ಬೇರೆ ಬೇರೆ ವಿಭಾಗಗಳ ವಿದ್ಯಾರ್ಥಿಗಳು ಒಟ್ಟಾಗಿ ಕಲಿತು, ತಂಡವಾಗಿ ಒಂದು ಸಂವೇದಕ ವ್ಯವಸ್ಥೆಯನ್ನು ಕಟ್ಟಿ, ಆಮೇಲೆ ಮೂರು ವರ್ಷ ಸ್ವಂತ ಸಂಶೋಧನೆಯಲ್ಲಿ ತೊಡಗುತ್ತಾರೆ. ಯುರೋಪಿನ ಮಾರಿ ಕ್ಯೂರಿ ಡಾಕ್ಟರೇಟ್ ಜಾಲಗಳಲ್ಲಿ ಸಂಶೋಧನಾರ್ಥಿಯನ್ನು ವೇತನ ಪಡೆಯುವ ಉದ್ಯೋಗಿಯಾಗಿ ನೇಮಿಸಿಕೊಳ್ಳಲಾಗುತ್ತದೆ. ಆತಿಥೇಯ ದೇಶದಲ್ಲಿ ಹಿಂದಿನ 36 ತಿಂಗಳುಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ನೆಲೆಸಿರಬಾರದು ಎಂಬ ನಿಯಮ ಭಾರತದಿಂದ ಅರ್ಜಿ ಹಾಕುವವರಿಗೆ ಅನುಕೂಲಕರ.

ಪದವಿಯ ನಂತರ ಅಧ್ಯಾಪನ, ರಕ್ಷಣಾ ಮತ್ತು ಬಾಹ್ಯಾಕಾಶ ಪ್ರಯೋಗಾಲಯಗಳು, ಬೆಂಗಳೂರಿನಲ್ಲಿ ಸಂಶೋಧನಾ ಘಟಕಗಳಿರುವ ಬಾಷ್, ಹನಿವೆಲ್, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಂಥ ಕಂಪನಿಗಳು, ನವೋದ್ಯಮ ಎಂಬ ನಾಲ್ಕು ಹಾದಿಗಳು ತೆರೆದಿರುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧನೆಯಿಂದ ಹುಟ್ಟಿ, ಮಧುಮೇಹದ ಹಲವು ಸೂಚಕಗಳನ್ನು ಅಂಗೈಯಗಲದ ಉಪಕರಣದಲ್ಲಿ ಅಳೆಯುವ ಸಾಧನವನ್ನು ರೂಪಿಸಿದ ಪಾಥ್‌ಶೋಧ್ ಕೊನೆಯ ಹಾದಿಗೆ ನಿದರ್ಶನ.

ಅಂತಿಮ ವರ್ಷದಲ್ಲಿರುವ ವಿದ್ಯಾರ್ಥಿಗಳು ಗೇಟ್ ಅಥವಾ ನೆಟ್ ತಯಾರಿಯ ಜೊತೆಯಲ್ಲಿಯೇ ತಮಗೆ ಆಸಕ್ತಿಯಿರುವ ಒಂದು ಮಾಪನ ಸಮಸ್ಯೆಯನ್ನು ಆರಿಸಿಕೊಂಡು, ಅದರ ಕುರಿತ ಪ್ರಬಂಧಗಳನ್ನು ಓದಿ, ಆಯ್ಕೆಶೀಲತೆ ಮತ್ತು ಡ್ರಿಫ್ಟ್ ವಿಷಯದಲ್ಲಿ ಅವು ಎಲ್ಲಿ ನಿಂತಿವೆ ಎಂದು ಎರಡು ಪುಟಗಳ ಟಿಪ್ಪಣಿ ಬರೆದಿಟ್ಟುಕೊಂಡರೆ ಮಾರ್ಗದರ್ಶಕರಿಗೆ ಪತ್ರ ಬರೆಯುವಾಗಲೂ ಸಂದರ್ಶನದಲ್ಲಿಯೂ ಅದು ನೆರವಿಗೆ ಬರುತ್ತದೆ. ನಿಯಮ, ವೇತನ ಮತ್ತು ಕೊನೆಯ ದಿನಾಂಕಗಳು ಕಾಲಕಾಲಕ್ಕೆ ಪರಿಷ್ಕರಣೆಯಾಗುವುದರಿಂದ ಅರ್ಜಿ ಸಲ್ಲಿಸುವ ವರ್ಷದ ಅಧಿಸೂಚನೆಯನ್ನು ಆಯಾ ಸಂಸ್ಥೆಯಿಂದಲೇ ಪಡೆದು ಓದಬೇಕು.